ಬಾಯ್ಲರ್ ನೀರು, ಒದ್ದೆ ಸೀರೆ

18-11-2024, ಕಾರ್ತಿಕ ಸೋಮವಾರ

ಬಿಸಿನೀರಿನ ಬುಗ್ಗೆಯೇ ಇಲ್ಲದ ನಂಜನಗೂಡಿಗೆ ಬಿಸಿನೀರಿನ ಸ್ಪಾ! ಕಪಿಲೆಯ ನೀರನ್ನು ಬಾಯ್ಲರಿನಲ್ಲಿ ಕಾಯಿಸಿ, ಇಲ್ಲಿಂದ ತಿ. ನರಸೀಪುರದ ಸಂಗಮದವರೆಗೆ ತೊಟ್ಟಿ ಕಟ್ಟಿ ತುಂಬಿಸಿದರೆ ಅದು ಪ್ರವಾಸೋದ್ಯಮವಂತೆ. ಬೆಳಗಿನ ಸಭೆಯಲ್ಲಿ ಅನುದಾನಕ್ಕೆ ಮೊದಲು ಕೈ ಎತ್ತಿದವನು ಪ್ರವಾಸೋದ್ಯಮ ಸಮಿತಿಯ ಅಧ್ಯಕ್ಷ ಹರಿಪ್ರಸಾದ್. ಉಳಿದವರು ಅವನ ಕೈ ನೋಡಿ ತಮ್ಮದನ್ನು ಎತ್ತಿದರು. ಸ್ನಾನಘಟ್ಟದಲ್ಲಿ ಹೆಂಗಸರು ಬಟ್ಟೆ ಬದಲಿಸಲು ಒಂದು ಕೋಣೆ ಕಟ್ಟಿಸಿ ಎಂದೆ.

"ಮೇಡಂ, ಅದು ವೆಲ್‌ನೆಸ್ ಟೂರಿಸಂ ಸ್ಕೀಮ್ ಅಡಿಯಲ್ಲಿ ಬರಲ್ಲ" ಎಂದು ಹರಿಪ್ರಸಾದ್ ನಕ್ಕ.

ಮಹಾನುಭಾವ! ಮೈ ಒರೆಸಿಕೊಳ್ಳುವುದು ಇನ್ಯಾವುದರ ಅಡಿಯಲ್ಲಿ ಬರುತ್ತದೋ.

ಸಭೆ ಮುಗಿಸಿ ಘಟ್ಟಕ್ಕೆ ಬಂದರೆ ಅಲ್ಲೂ ಅವನೇ. ತಾಯಿಯನ್ನು ಸ್ನಾನಕ್ಕೆ ಕರೆತಂದಿದ್ದ. ಆಕೆ ಮುಳುಗಿ ಎದ್ದು, ನಡುಗುತ್ತ, ಬಟ್ಟೆ ಬದಲಿಸಲು ಮರೆ ಹುಡುಕುತ್ತಿದ್ದರು. ಮಗ ಮೊಬೈಲಿನಲ್ಲಿ ಮುಳುಗಿದ್ದ. ಹೂ ಮಾರುವ ಶಿವನಂಜಮ್ಮ ಎಂದಿನಂತೆ ತನ್ನ ಹಳೇ ಸೀರೆ ಬಿಡಿಸಿದಳು.

"ಇಡ್ಕಳಿ ಅಕ್ಕ, ಆ ಕಡೆ ತುದಿಯ."

ಇಬ್ಬರೂ ಮರೆ ಹಿಡಿದೆವು. "ಇನ್ನು ಇಲ್ಲಿ ಬಿಸಿನೀರು ಬರುತ್ತಂತೆ ಅಮ್ಮ" ಎಂದೆ, ಅವನಿಗೆ ಕೇಳಲಿ ಅಂತಲೇ.

ಸೀರೆಯ ಹಿಂದಿನಿಂದ ಆಕೆ ಹೇಳಿದರು: "ಬಿಸ್ನೀರು ಮನೇಲೇ ಇದೆಯಲ್ಲಮ್ಮ, ಅದಕ್ಯಾಕೆ ಇಲ್ಲೀ ತನಕ ಬರಬೇಕು? ನಿನ್ನ ಕೈ ಸೋತಿರತ್ತೆ. ನಮ್ಮ ಹರಿ ಕೈಗೆ ಕೊಡು, ಹಿಡ್ಕೊಳ್ಳಲಿ."

ಕೊಟ್ಟೆ. ಸಮಿತಿಯ ಅಧ್ಯಕ್ಷರು ಮುಖ ತಿರುಗಿಸಿ, ಸೀರೆಯ ತುದಿ ಹಿಡಿದು, ಇಡೀ ಘಟ್ಟದೆದುರು ನಿಂತರು.

"ಕೈ ಇನ್ನೂ ಮ್ಯಾಲಕ್ಕೆ ಎತ್ತಿ ಸಾ," ಶಿವನಂಜಮ್ಮ ಗದರಿದಳು, "ಎಲ್ಲಾ ಕಾಣ್ತದೆ!"

ನಿದ್ದೆ ಎಳೆಯುತ್ತಿದೆ. ಅವನ ತೋಳು ಇನ್ನೂ ನೋಯುತ್ತಿರಲಿ.