ಲಾಟೀನಿನವನ ಆರನೇ ಭಾಗ

ಕುಬಿಹಾಳ
ದಿ. ೧೮-೧೧-೨೦೨೪, ಸೋಮವಾರ

ಪ್ರೀತಿಯ ಸಂಗಣ್ಣನಿಗೆ ನಿನ್ನ ತಂಗಿ ನೇತ್ರಾ ಮಾಡುವ ನಮಸ್ಕಾರ.

ನನ್ನ ಅಕ್ಷರಕ್ಕೆ ಬೈಯಬೇಡ. ಐದನೇ ಇಯತ್ತೆ ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದು ಕಡಿಮೆ. ಒತ್ತಕ್ಷರ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು. ಉತ್ತರ ತಡವಾದದ್ದಕ್ಕೂ ಕ್ಷಮಿಸು. ಅವ್ವ ನಿನ್ನನ್ನು ಜೈಲಿನಲ್ಲಿ ನೋಡಿ ಬಂದು ಬಹಳ ದಿನವಾಯಿತು. ನಾನು ಬರೆಯಲು ಕೂತಾಗಲೆಲ್ಲ ಎದ್ದು ಬೇರೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಎದುರಿಗೆ ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ, ನಿನಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವವಳು ನಾನು.

ಮೇಲೆ ಊರಿನ ಹೆಸರು ನೋಡಿ ನಿನಗೆ ಸಿಟ್ಟು ಬಂದಿರಬಹುದು. ಹೌದು, ನಾನು ನೀನು ತಾಳಿ ಕಟ್ಟಿದ ಗಂಗಾ ವೈನಿಯ ತವರಿನಲ್ಲಿದ್ದೇನೆ. ಯಾಕೆ ಬಂದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನೀನು ಕೇಳಿದ್ದಕ್ಕೆ ಉತ್ತರ.

ಅವತ್ತು ಅವ್ವ ಮನೆಗೆ ಬಂದವಳು ಚೀಲ ಕೆಳಗಿಡುವ ಮುಂಚೆಯೇ ಅಂದಳು, "ನಿಮ್ಮಣ್ಣ ನಕ್ಕೋತ ಮಾತಾಡಿದ ನೋಡು. ನಿಮ್ಮ ಲಾಟೀನಿನವಂದು ಹೊಸಾ ಪಿಚ್ಚರ್ ಬಂದೈತಂತ. ಓಡುವಾಕಿ ಈ ಸಲಾ ಉಳೀತಾಳೋ ಇಲ್ಲೋ, ನೇತ್ರಾಗ ನೋಡಿ ಬರಿ ಅನ್ನು ಅಂದಾನ."

ಮಗ ಮೊದಲಿನ ಹಾಗೆ ಪಿಚ್ಚರಿನ ಮಾತಾಡಿದ ಎಂದು ಅವ್ವನಿಗೆ ಸಂತೋಷ. ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತುಬಿಟ್ಟಿತು. ಆ ಹುಡುಗಿಗೆ ಓಡುವಾಕಿ ಎಂದು ಹೆಸರಿಟ್ಟವನು ನೀನೇ. ಕೌದಿ ಹೊದ್ದು ಇಬ್ಬರೂ ಎಷ್ಟು ಸಲ ನೋಡಿಲ್ಲ. ಲಾಟೀನು ಹಿಡಿದು ಬಂದು ಕೊಡಲಿಯಿಂದ ಕಡಿಯುವವನ ಮುಖ ನೋಡಿ ಜೀವಸಹಿತ ಉಳಿದವಳು ಅವಳೊಬ್ಬಳೇ. ಪೊಲೀಸರ ಮುಂದೆ ಬೆರಳು ಮಾಡಿ ತೋರಿಸಿದವಳು. ಅದಕ್ಕೇ ಪ್ರತಿ ಭಾಗದಲ್ಲೂ ಅವನು ಅವಳ ಬೆನ್ನು ಹತ್ತಿದ. ಈಗ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳುವ ತಾರೀಕು ಹತ್ತಿರ ಬಂದಾಗ, ಅವಳು ಉಳಿಯುತ್ತಾಳೋ ಇಲ್ಲವೋ ಎಂದು ನೀನು ನನಗೆ ಹೇಳಿ ಕಳಿಸಿದ್ದೀಯ. ಆಟಕ್ಕೆ ಕೇಳಿದೆಯೋ, ಅಂಜಿಸಲು ಕೇಳಿದೆಯೋ ನನಗೆ ತಿಳಿಯಲಿಲ್ಲ. ಆ ದಿನದಿಂದ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತಿದ್ದೆ, ನೀನು ಜೈಲಿನಲ್ಲಿದ್ದೀ ಎಂದು ಗೊತ್ತಿದ್ದರೂ.

ಪಿಚ್ಚರನ್ನು ಬಾಜು ಮನೆಯ ಶಗುಫ್ತಾಳ ಮೊಬೈಲಿನಲ್ಲಿ ನೋಡಿದೆ. "ಬಾರಬೇ, ನಿಮ್ಮಣ್ಣ ಇಲ್ಲಂದ್ರ ನಾ ಇಲ್ಲೇನು" ಎಂದು ಅವಳೇ ಕರೆದಳು. ಅವರ ಅಂಗಳದಲ್ಲಿ ಗೋವಿನಜೋಳ ಹರವಿದ್ದರು. ಕೋಳಿ ಓಡಿಸುತ್ತ ನೋಡಿದೆವು.

ನೀನಿದ್ದಿದ್ದರೆ ಅರ್ಧಕ್ಕೇ ಬಂದ್ ಮಾಡುತ್ತಿದ್ದೆ. ಲಾಟೀನಿನವನಿಗೆ ಈಗ ವಯಸ್ಸಾಗಿದೆ, ಊರಿಗೆ ಮರಳಿ ಬರುತ್ತಾನೆ. ಸಣ್ಣವನಿದ್ದಾಗ ಅಪ್ಪ ಅವನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಿದ್ದನಂತೆ, ಅದಕ್ಕೇ ಅಷ್ಟು ಜನರನ್ನು ಕಡಿದನಂತೆ. ಪಿಟೀಲು ಬಾರಿಸಿ ಬಾರಿಸಿ ನಮ್ಮನ್ನು ಅಳಿಸಲು ನೋಡುತ್ತಾರೆ. ಅವನು ಕತ್ತಲಲ್ಲಿ ನಿಂತರೂ ಹೆದರಿಕೆಯಾಗುವುದಿಲ್ಲ. ಶಗುಫ್ತಾ ಕೋಳಿಗೆ ಹೆಂಟೆ ಎಸೆಯುತ್ತ, "ಐದು ಪಿಚ್ಚರ್‌ನಾಗ ಸತ್ತವರಿಗೂ ಅಪ್ಪಂದಿರು ಇದ್ರಲ್ಲಬೇ, ಅವರಿಗೆ ಪಿಟೀಲಿಲ್ಲೇನು?" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಪೊಲೀಸರು ಓಡುವಾಕಿಯನ್ನು ಮತ್ತೆ ಕರೆಸುತ್ತಾರೆ. ಅವಳು ನೆಲ ನೋಡುತ್ತ, ಆ ರಾತ್ರಿ ಮಂಜು ಕವಿದಿತ್ತು, ನನಗೆ ಸರಿಯಾಗಿ ಕಾಣಲಿಲ್ಲ, ಬೇರೆ ಯಾರೋ ಇರಬೇಕು ಎನ್ನುತ್ತಾಳೆ. ಮೊದಲನೇ ಭಾಗದಲ್ಲಿ ಮಂಜು ಎಲ್ಲಿತ್ತು ಅಣ್ಣಾ? ಲಾಟೀನಿನ ಬೆಳಕಿನಲ್ಲಿ ಅವನ ಗದ್ದದ ಮಚ್ಚೆ ಕೂಡ ಕಂಡಿತ್ತು. ಪಿಚ್ಚರ್ ನಿಲ್ಲಿಸಿ ನನಗೆ ಅದನ್ನು ತೋರಿಸಿದವನು ನೀನು. ಕೊನೆಗೆ ಅವಳೇ ಅವನನ್ನು ಮನೆಗೆ ಕರೆದು ಊಟಕ್ಕೆ ಬಡಿಸುತ್ತಾಳೆ, ಊರಿನವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ.

ಉಳಿದಳು. ನೀನು ಕೇಳಿದ್ದಕ್ಕೆ ಉತ್ತರ ಅದು. ಹೀಗೆ ಉಳಿಯುವುದಕ್ಕೆ ಇಷ್ಟು ವರ್ಷ ಯಾಕೆ ಓಡಿದಳೋ ನನಗೆ ತಿಳಿಯದು.

ಅದೇ ಸಂಜೆ ಕುಬೇರಪ್ಪ ಕಾಕಾ ಮನೆಗೆ ಬಂದರು. ಚಹಾ ಕುಡಿದು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೋಡವಾ, ವಕೀಲರ ಜೋಡಿ ಮಾತಾಡೇನಿ. ಗಂಗಾಗ ಹಿಂದಿನಿಂದ ಏಟು ಬಿದ್ದೈತಿ, ಹೊಡೆದವರನ್ನ ಆಕಿ ನೋಡಿಲ್ಲ. ನೋಡಿದಾಕಿ ನೀ ಒಬ್ಬಾಕಿ. ಒಲಿ ಮುಂದ ಕುಂತಿದ್ದೆ, ಹೊಗಿ ಕಣ್ಣಾಗ ಹೋಗಿತ್ತು, ಏನೂ ಕಾಣಲಿಲ್ಲ ಅಂದುಬಿಡು. ಮುಗೀತು."

"ಪೊಲೀಸರ ಮುಂದ ಹೇಳೇನಲ್ರಿ ಕಾಕಾ."

"ಅಂಜಿ ಹೇಳಿದೆ ಅನ್ನು. ಐದನೇತ್ತ ಕಲತ ಹುಡುಗಿ ನೀ, ನಿನ್ನ ಯಾರು ಕೆದಕಿ ಕೇಳ್ತಾರ? ಅಣ್ಣನ್ನ ಜೈಲಿಗೆ ಹಾಕಿದಾಕಿ ಅಂದ್ರ ನಾಳೆ ನಿನ್ನ ಯಾರು ಲಗ್ನ ಮಾಡ್ಕೋತಾರ, ಅದನ್ನರ ವಿಚಾರ ಮಾಡು."

ಅವ್ವ ಕಂಬಕ್ಕೆ ಆತು ನಿಂತಿದ್ದಳು. "ಅವ ನಿನ್ನ ಒಡಹುಟ್ಟಿದಾಂವ ನೇತ್ರಾ. ಆಕಿ ಹೊರಗಿನಿಂದ ಬಂದಾಕಿ" ಎಂದಳು. ನಾನು ಆಯಿತು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಚಹಾದ ಕಪ್ಪು ಬಸಿ ತೆಗೆದುಕೊಂಡು ಒಳಗೆ ಹೋದೆ. ಕಾಕಾ ಅದನ್ನೇ ಒಪ್ಪಿಗೆ ಎಂದುಕೊಂಡರು.

ಅಣ್ಣಾ, ಅವತ್ತು ಒಲೆ ಹೊತ್ತಿರಲಿಲ್ಲ. ಮಧ್ಯಾಹ್ನದ ಊಟವಾಗಿತ್ತು. ತನ್ನ ಬಸುರಿ ತಂಗಿಯ ಕುಬಸಕ್ಕೆ ವೈನಿ ತವರಿಗೆ ಹೊರಟಿದ್ದಳು. ನೀನು ಹೋಗಕೂಡದು ಅಂದೆ. ಅವಳು ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು. ನೀನು ಗೋಡೆಗೆ ಸಿಕ್ಕಿಸಿದ್ದ ಕುಡಗೋಲು ತೆಗೆದೆ. ನಾನು ಕೂಗಿದೆ. ನೀನು ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಹೊಡೆದೆ. ಹುಟ್ಟಿದಾಗಿನಿಂದ ನೋಡಿದ ಮುಖ ಅದು. ಬೇರೆ ಯಾರೋ ಎಂದು ನಾನು ಹೇಗೆ ಹೇಳಲಿ?

ಶನಿವಾರ ಅವ್ವ ಹೊಲಕ್ಕೆ ಹೋದಾಗ ಬಸ್ ಹತ್ತಿದೆ. ಹುಬ್ಬಳ್ಳಿಯಲ್ಲಿ ಇಳಿದು ಯಾರನ್ನೂ ಕೇಳಲು ನಾಚಿಕೆಯಾಗಿ, ಬೋರ್ಡು ಓದಿ ಓದಿ ಕುಂದಗೋಳದ ಬಸ್ ಹುಡುಕಿದೆ. ಇಲ್ಲಿ ಬಾಗಿಲು ತೆಗೆದ ವೈನಿ ನನ್ನನ್ನು ಒಳಗೆ ಕರೆಯಲಿಲ್ಲ.

"ಯಾರ ಕಳಿಸ್ಯಾರ?"

"ಯಾರೂ ಇಲ್ರಿ ವೈನಿ."

"ಮಾತ ತಿರುಗಸಾಕ ಬಂದಿ ಏನು?"

"ಇಲ್ರಿ. ಅಲ್ಲೇ ಇದ್ರ ನಾನ ಮಾತ ತಿರುಗಸತೇನಿ ಅಂತ ಅಂಜಿಕಿ ಬಂತರಿ. ಅದಕ್ಕ ಬಂದೆ."

ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದೆ. ಕತ್ತಲಾದ ಮೇಲೆ ಅವಳ ತಾಯಿ ರೇವವ್ವ ಹೊರಗೆ ಬಂದು, "ಒಳಗ ಬಾ, ರೊಟ್ಟಿ ಆರತಾವ" ಎಂದರು.

ಬರುವ ವಾರ ಕೋರ್ಟಿನಲ್ಲಿ ನೀನು ಎದುರಿಗೇ ಇರುತ್ತೀ. ಜನರ ಮುಂದೆ ನನ್ನ ದನಿ ಏಳುವುದಿಲ್ಲ. ಎದ್ದಷ್ಟರಲ್ಲಿ, ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ನಿನಗೆ ತಿಳಿಸದೆ ಮಾಡಿದಳು ಎಂದು ನೀನು ಅನ್ನಬಾರದೆಂದು ಮೊದಲೇ ಬರೆಯುತ್ತಿದ್ದೇನೆ. ಪತ್ರವನ್ನು ಜೈಲಿನವರು ಓದಿದ ಮೇಲೆಯೇ ನಿನಗೆ ಕೊಡುತ್ತಾರಂತೆ, ಓದಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿ ಶುರುವಾಗಿದೆ, ಅವ್ವ ಬಂದಾಗ ಶಾಲು ತರಲು ಹೇಳು. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡ. ಸಿದ್ಧಾರೂಢಜ್ಜ ನಿನ್ನನ್ನು ಕಾಯಲಿ, ನನ್ನನ್ನೂ ಕಾಯಲಿ.

ಇಂತಿ ನಿನ್ನ ತಂಗಿ,
ನೇತ್ರಾ

ತಾ.ಕ.: ವೈನಿ ಹೇಗಿದ್ದಾಳೆ ಎಂದು ನೀನು ಅವ್ವನನ್ನು ಒಮ್ಮೆಯೂ ಕೇಳಿಲ್ಲ. ಆದರೂ ಬರೆಯುತ್ತೇನೆ. ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ತನ್ನ ಹಿಂದೆ ಯಾರನ್ನೂ ನಿಲ್ಲಗೊಡುವುದಿಲ್ಲ, ಹಡೆದ ತಾಯಿಯನ್ನೂ. ಗೋಡೆಗೆ ಒರಗಿಯೇ ಉಣ್ಣುತ್ತಾಳೆ, ಒರಗಿಯೇ ಮಲಗುತ್ತಾಳೆ. ಬಲಗೈ ಮೇಲೆ ಏಳುವುದಿಲ್ಲ, ಬಾಚಿಕೊಳ್ಳಲು ಆಗದೆ ಕೂದಲು ಗಂಟುಗಟ್ಟಿತ್ತು. ಇವತ್ತು ಬೆಳಿಗ್ಗೆ ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಅವಳು ಎದ್ದು ಒಳಗಿನಿಂದ ಹಣಿಗೆ ತಂದು ನನ್ನ ಕೈಯಲ್ಲಿಟ್ಟು, ನನಗೆ ಬೆನ್ನು ಮಾಡಿ ಕೂತಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಹಿಂದಲೆಯಲ್ಲಿ ಏಟು ಬಿದ್ದ ಬೆರಳುದ್ದ ಜಾಗದಲ್ಲಿ ಕೂದಲು ಬಂದಿಲ್ಲ. ಅದು ಮುಚ್ಚಲಿ ಎಂದು ಒಂದೇ ಹೆರಳು ಹಾಕಲು ಹೋದೆ. "ಮುಚ್ಚಬ್ಯಾಡ, ಎರಡ ಹಾಕು" ಎಂದಳು. ನಡುವೆ ಬೈತಲೆ ತೆಗೆದು ಎರಡು ಹೆರಳು ಹಾಕಿದೆ.