ಹನ್ನೊಂದನೆಯ ಓಟು

೧೮ ಏಪ್ರಿಲ್ ೨೦೨೪, ಗುರುವಾರ. ಬೆಳಿಗ್ಗೆ ೭

ಅತ್ತೆಯ ಬಿ.ಪಿ. ೧೫೦/೯೦. ಗುಳಿಗೆ ಕೊಟ್ಟೆ. ಉಪ್ಪಿನಕಾಯಿ ಬಚ್ಚಿಟ್ಟೆ. ನರ್ಸ್ ಕೆಲಸದಿಂದ ನಾನು ನಿವೃತ್ತಿಯಾಗಿ ಎರಡು ವರ್ಷ. ಮನೆಯ ಪೇಶಂಟು ಮಾತ್ರ ಡಿಸ್ಚಾರ್ಜ್ ಆಗುವ ಲಕ್ಷಣವಿಲ್ಲ.

ಇವತ್ತು ನಮ್ಮ ಮನೆಯವರು ಲೋಕಸಭೆಗೆ ನಾಮಪತ್ರ ಕೊಡುತ್ತಾರೆ. ಪಕ್ಷೇತರ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪೌರನೀತಿ ಕಲಿಸಿದ ಗೌತಮ ಮಾಸ್ತರು.

"ಚುನಾವಣಿಗೆ ಯಾರರ ನಿಲ್ಲಬಹುದು ಅಂತ ಹುಡುಗರಿಗೆ ಬರಿಸೀನಿ, ಮಾಯಾ. ಒಮ್ಮೆ ನಿಂತರ ನೋಡ್ತೀನಿ."

ಹುಚ್ಚು. ಆದರೆ ಹೇಳುವಾಗ ಆ ಮುಖ... ನನ್ನನ್ನು ನೋಡಲು ಬಂದ ದಿನ ಇದ್ದದ್ದೇ.

ಪಕ್ಷೇತರರಿಗೆ ಹತ್ತು ಸೂಚಕರ ಸಹಿ ಬೇಕು. ಹತ್ತೂ ಜನ ಗೋಪನಕೊಪ್ಪದ ನಮ್ಮ ಓಣಿಯವರೇ, ಒಂದೇ ಬೂತಿನವರು. ದೊಡ್ಡ ಹೆಸರು ಬೇಡ, ನನ್ನನ್ನು ಬಲ್ಲವರು ಸಾಕು ಅಂದರು ಇವರು. ಮೊದಲ ಸಹಿ ಹಫೀಜ ಭಾಯ್ ಅವರದು. ತಾರಿಹಾಳದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ, ಮನೆ ನಮ್ಮ ಓಣಿಯ ತುದಿಗೆ. ಇವರ ಶಾಲೆಯ ಗೆಳೆಯ. ದಿನಾ ಸಂಜೆ ಇಬ್ಬರಿಗೂ ಒನ್ ಬೈ ಟೂ ಚಹಾ ಆಗಲೇಬೇಕು. ಎರಡನೆಯದು ಅತ್ತೆ ಶೇವಂತೆವ್ವ ಕಾಲು ಗಂಟೆ ಕೂತು ಬರೆದದ್ದು. ಮೂರನೆಯದು ನನ್ನದು.

೨೨ ಏಪ್ರಿಲ್

ಚಿಹ್ನೆ ಸಿಕ್ಕಿತು — ಕಾಲಿಂಗ್ ಬೆಲ್. ಅತ್ತೆಗೆ ಸಮಾಧಾನವಿಲ್ಲ. "ಆನಿ, ಹುಲಿ ಏನರ ಕೊಡಬಾರದೇನು? ಮಂದಿ ಮನೀ ಮುಂದ ನಿಂತು ಕಿರ್ರ್ ಅನ್ನೂದ?"

ನಮ್ಮ ಮನೆಗೇ ಬೆಲ್ ಇರಲಿಲ್ಲ. ಸಂಜೆ ಹಫೀಜ ಭಾಯ್ ಸ್ಕ್ರೂಡ್ರೈವರ್ ಹಿಡಿದು ಬಂದು ಹಾಕಿಕೊಟ್ಟರು. "ಒಂದ ಸಲ ಆತಂದ್ರ ಮಂದಿ, ಭಾಬಿ. ಎರಡ ಸಲ ಆತಂದ್ರ ನಾ. ಚಾಕ್ಕ ಇಟ್ಟಬಿಡ್ರಿ."

೨೯ ಏಪ್ರಿಲ್

ಇವರ ಜೊತೆ ಪ್ರಚಾರಕ್ಕೆ ಹೋದೆ. ಬಿಸಿಲು ಅಂದರೆ ಬಿಸಿಲು. ಒಬ್ಬಾಕೆ ಕೇಳಿದಳು, "ಗೆದ್ರ ದಿನಾ ನೀರ ಬಿಡಸ್ತೀರೇನ್ರಿ ಸರ?"

"ನಾ ಒಬ್ಬಾಂವ ದಿಲ್ಲಿಗೆ ಹೋದ್ರ ನಿಮ್ಮ ನಳ ಬರೂದಿಲ್ರಿ, ಅಕ್ಕಾ. ಕೇಳ್ತೀನಿ. ಅವರು ಏನಂದ್ರು ಅಂತ ಬಂದು ಹೇಳ್ತೀನಿ."

ಹೀಗೆ ಓಟು ಕೇಳುವವರನ್ನು ನಾನು ಕಂಡಿಲ್ಲ. ಆಕೆ ಇಬ್ಬರಿಗೂ ತಣ್ಣಗಿನ ನೀರು ಕೊಟ್ಟಳು. ಗೇಟಿನ ಹತ್ತಿರ ನನ್ನ ಕೈ ಹಿಡಿದು ಮೆಲ್ಲಗೆ ಅಂದಳು: "ಸರ ಭಾಳ ಛಲೋರಿ. ಖರೇ ಹೇಳ್ತಾರ. ಆದ್ರ ಆರಿಸಿ ಬರೂದಿಲ್ಲಲ್ರಿ... ಓಟ ಸುಮ್ನ ಹಾಳ."

ಇದೇ ಮಾತು ಮನೆ ಮನೆಯಲ್ಲಿ. ಇವರನ್ನು ಎಲ್ಲರೂ ನಂಬುತ್ತಾರೆ. ಗೆಲ್ಲುತ್ತಾರೆಂದು ಯಾರೂ ನಂಬುವುದಿಲ್ಲ. ಮನೆಗೆ ಬಂದು ಇವರ ಕಾಲಿಗೆ ಎಣ್ಣೆ ತಿಕ್ಕಿದೆ. ಹಿಮ್ಮಡಿ ಒಡೆದು ಹೋಗಿದೆ.

೭ ಮೇ, ಮಂಗಳವಾರ. ಮಧ್ಯಾಹ್ನ ೧

ಅತ್ತೆಯ ಬಿ.ಪಿ. ೧೬೦. ಮಗನಿಗೆ ಓಟು ಹಾಕಿದ ಹುಮ್ಮಸ್ಸು.

ಬೂತಿನೊಳಗೆ ಹಫೀಜ ಭಾಯ್ ಇವರ ಏಜೆಂಟಾಗಿ ಕೂತಿದ್ದರು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮಷೀನಿನ ಮುಂದೆ ನಿಂತೆ. ಹನ್ನೆರಡನೆಯ ಹೆಸರು ಇವರದು, ಪಕ್ಕದಲ್ಲಿ ಬೆಲ್ಲಿನ ಚಿತ್ರ. ಕೈ ಎತ್ತಿದೆ. ಆ ಮನೆಮನೆಯ ಮಾತು ನೆನಪಾಯಿತು. ಯಾರು ಗೆಲ್ಲಬಾರದು ಅಂತ ಐದು ವರ್ಷದಿಂದ ಅಂದುಕೊಂಡಿದ್ದೆನೋ ಅವರೇ ನನ್ನ ಒಂದು ಓಟು ಹಾಳಾಗಿದ್ದಕ್ಕೆ ಗೆದ್ದರೆ? ಅವರನ್ನು ಸೋಲಿಸಬಲ್ಲವರ ಗುಂಡಿ ಒತ್ತಿಬಿಟ್ಟೆ. ಏಳು ಸೆಕೆಂಡು ಚೀಟಿ ಕಂಡಿತು. ಅದರಲ್ಲಿ ಬೆಲ್ ಇರಲಿಲ್ಲ.

ಇಲ್ಲಿಯೂ ಬರೆಯದಿದ್ದರೆ ಎಲ್ಲಿ ಬರೆಯಲಿ.

ಇವರು ಹೊರಗೆ ಕಾಯುತ್ತಿದ್ದರು. ಏನೂ ಕೇಳಲಿಲ್ಲ. "ಬಿಸಲಾಗ ಭಾಳೊತ್ತು ನಿಂತಿ" ಅಂತ ಮಜ್ಜಿಗೆ ಕೊಡಿಸಿದರು. ಕುಡಿದೆ. ನಾಚಿಕೆಯಾಯಿತು.

೨೩ ಮೇ

ಬುದ್ಧ ಪೂರ್ಣಿಮೆ. ಹಫೀಜ ಭಾಯ್ ಎರಡು ಬಟ್ಟಲು ಪಾಯಸ ಉಂಡರು. ನನಗೆ ಇಳಿಯಲಿಲ್ಲ.

೪ ಜೂನ್

ಎಂಟುನೂರಾ ಹದಿಮೂರು ಓಟು. ಸೋತಿದ್ದಾರೆ, ಆದರೆ ಓಣಿಗೆಲ್ಲ ಪೇಢೆ ಹಂಚಿದ್ದಾರೆ. "ಎಂಟನೂರಾ ಹದಿಮೂರ ಮಂದಿ, ಮಾಯಾ! ನನ್ನ ಕೈಯಾಗ ಇಷ್ಟ ಹುಡುಗರು ಪಾಸ್ ಆಗಿದ್ದಿಲ್ಲ."

ನಕ್ಕೆ. ಬಹಳ ದಿನದ ಮೇಲೆ ನಕ್ಕೆ. ಇನ್ನು ಮುಗಿಯಿತು ಅಂದುಕೊಂಡೆ.

೧೫ ಜೂನ್, ಶನಿವಾರ

ಮುಗಿದಿಲ್ಲ. ಬೂತುವಾರು ಲೆಕ್ಕ ವೆಬ್‌ಸೈಟಿನಲ್ಲಿ ಬಂದಿದೆ. ಹೀಗೊಂದು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇವರು ಕನ್ನಡಕ ಏರಿಸಿ ಮೊಬೈಲಿನಲ್ಲಿ ನಮ್ಮ ಬೂತು ಹುಡುಕಿದರು.

"ಸಹಿ ಮಾಡಿದಾವ್ರು ಹತ್ತು ಮಂದಿ. ನಾ ಒಬ್ಬಾಂವ, ಹನ್ನೊಂದು. ಇಲ್ಲಿ ಹತ್ತ ಅದಾವಲ್ಲ..."

"ನಾ ಹಾಕೀನಪಾ! ಒತ್ತಿದ ಕೂಡ್ಲೇ ಕುಂಯ್ ಅಂದೈತಿ!" ಅಂದರು ಅತ್ತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಾರು ಉಕ್ಕುತ್ತಿದೆ ಅಂತ ನಾನು ಒಳಗೆ ಓಡಿದೆ. ಒಲೆ ಹಚ್ಚಿರಲೇ ಇಲ್ಲ.

ಊಟದ ಹೊತ್ತಿಗೆ ಇವರು ನನ್ನ ಮುಖ ನೋಡಿದರು. ಒಂದೇ ಸಲ.

೨೨ ಜೂನ್

ಇವರು ಸಂಜೆ ಬೇಗ ಬಂದು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕೂತರು.

"ಹಫೀಜ ಒಪ್ಪಿಕೊಂಡ."

"ಏನ ಒಪ್ಪಿಕೊಂಡ್ರು?"

"ಆ ಒಂದ ಓಟು. 'ಅದು ನಂದ ಮಾಸ್ತರ, ನೀವು ಗೆಲ್ಲೂದಿಲ್ಲಂತ ಬ್ಯಾರೆದವ್ರಿಗೆ ಒತ್ತಿದೆ' ಅಂದ."

"ನೀವೇನಂದ್ರಿ?"

"ಏನ ಅನ್ನಲಿ. ಅಂಗಡ್ಯಾಗ ಚಾ ಅರ್ಧಕ್ಕ ಬಿಟ್ಟು ಬಂದೆ."

ಕಣ್ಣು ಒರೆಸಿಕೊಂಡರು. ಅದು ಸುಳ್ಳು ಅಂತ ನನಗೆ ಗೊತ್ತು. ಹೇಳದೆ ಇವರ ಚಪ್ಪಲಿ ಬಿಚ್ಚಿ ಮೂಲೆಗಿಟ್ಟೆ.

೨೯ ಜೂನ್, ಶನಿವಾರ

ಏಳು ದಿನ. ಬೆಲ್ ಎರಡು ಸಲ ಆಗಿಲ್ಲ. ಇವರು ಸಂಜೆಯಾದರೆ ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ. ಚಹಾದಂಗಡಿಯ ಮಾತು ಹಬ್ಬಿ ಓಣಿಯಲ್ಲಿ ತೀರ್ಪು ಆಗಿಹೋಗಿದೆ. ಇವತ್ತು ನಳದ ಹತ್ತಿರ ನನ್ನ ಕಿವಿಗೇ ಬಿತ್ತು: "ಅವರ ಮಂದಿ ಹಂಗ. ಎದುರಿಗೆ ಗೆಳೆತನ, ಒಳಗ ಗೆಲ್ಲೂ ಪಾರ್ಟಿಗೆ." ಕೊಡ ಅಲ್ಲೇ ಬಿಟ್ಟು ಬಸ್ಸು ಹತ್ತಿ ತಾರಿಹಾಳಕ್ಕೆ ಹೋದೆ.

ಹಫೀಜ ಭಾಯ್ ತಾಮ್ರದ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಸ್ಟೂಲು ಒರೆಸಿದರು.

"ಯಾಕ ಸುಳ್ಳ ಹೇಳಿದ್ರಿ, ಭಾಯ್?"

"ಅವತ್ತ ಬೂತಿನ್ಯಾಗ ಓಣಿಯವ್ರೆಲ್ಲಾ ಓಟ ಹಾಕಿ ಬಂದು ನನ್ನ ಮಾರಿ ನೋಡಿ ನಕ್ಕರು. ನೀವೊಬ್ಬರ ನೋಡ್ಲಿಲ್ಲ, ಭಾಬಿ. ಅವತ್ತ ತಿಳೀತು." ತಂತಿ ಕೆಳಗಿಟ್ಟರು. "ಮೊನ್ನೆ ಮಾಸ್ತರ ಚಾ ಕುಡೀತ ಬೆರಳ ಮಡಚಿ ಎಣಸಾಕತ್ತಿದ್ರು. ಒಬ್ಬೊಬ್ಬರ ಹೆಸರ ಹೇಳಿ. ನಿಮ್ಮ ಹೆಸರಿಗೆ ಬಂದು ನಿಂತಬಿಟ್ರು. ಬೆರಳ ಮಡಚಲಿಲ್ಲ. ನನಗ ನೋಡಾಕ ಆಗಲಿಲ್ರಿ."

"ಅದಕ್ಕ ನಿಮ್ಮ ತಲೀಗೆ ಹಾಕ್ಕೊಂಡ್ರಿ?"

"ಗೆಳ್ಯಾನ ಮ್ಯಾಲಿನ ಸಿಟ್ಟು ಚಾದಂಗಡಿತನಕ. ಹೇಂತಿ ಮ್ಯಾಲಿನ ಸಂಶೆ ಉಣ್ಣೂ ತಾಟಿಗೆ ಬರ್ತದ. ಮತ್ತ ಮಂದಿ ಹೆಂಗಿದ್ರೂ ನನ್ನ ಹೆಸರ ಹೇಳಾವ್ರ ಇದ್ರು. ಹೇಳ್ಲಿ ಬಿಡ್ರಿ, ಒಂದ ಕೆಲಸಕ್ಕರ ಬರ್ಲಿ."

ಅಳು ತಡೆಯಲಾಗಲಿಲ್ಲ. ಅವರು ಆ ಕಡೆ ತಿರುಗಿ ಸುಮ್ಮನೆ ಯಾವುದೋ ಮೋಟಾರು ಚಾಲೂ ಮಾಡಿದರು.

ಎಂಥ ಮನುಷ್ಯ. ನಾನು ಎಂಥವಳು.

೩೦ ಜೂನ್, ಭಾನುವಾರ. ಸಂಜೆ ೫.೩೦

ಹೇಳಿದೆ. ಇವರು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು, ಆಗಲೇ ಹೇಳಿದೆ. ಆ ಓಟು ನಂದು, ಹಫೀಜ ಭಾಯ್ ಅವರದಲ್ಲ. ಅವರು ನನ್ನನ್ನು ಉಳಿಸಲು ಹಾಗೆ ಅಂದರು.

ಇವರು ಬೆಳ್ಳುಳ್ಳಿಯ ಸಿಪ್ಪೆ ಒಂದೊಂದೇ ಕೂಡಿಸಿದರು.

"ಯಾರಿಗೆ ಹಾಕಿದಿ ಅಂತ ಕೇಳೂದಿಲ್ಲ. ಅದು ನಿಂದು. ನಾನ ಹುಡುಗರಿಗೆ ಕಲಿಸೀನಿ."

"ನೀವು ಗೆಲ್ಲೂದಿಲ್ಲ ಅಂತ ಅನಿಸ್ತುರಿ... ಅದಕ್ಕ..."

"ಗೆಲ್ತೀನಂತ ನಾ ನಿಂತಿದ್ದಿಲ್ಲ, ಮಾಯಾ. ಹನ್ನೊಂದ ಬರ್ತಾವಂತ ನಿಂತಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಕಾಲು ಹಿಡಿಯಲು ಬಗ್ಗಿದೆ. ಬಿಡಲಿಲ್ಲ, ಕೈ ಹಿಡಿದರು. ಬೆಳ್ಳುಳ್ಳಿಯ ವಾಸನೆ. ಹಿಡಿದ ಕೈ ಬೇಗ ಬಿಡಲಿಲ್ಲ. ಆಮೇಲೆ ಎದ್ದರು.

"ಹಫೀಜನ ಮನಿಗೆ ಹೋಗಿ ಬರ್ತೀನಿ. ನಾ ಅವಗ ಏನೂ ಅನ್ನದ ಎದ್ದ ಬಂದಿದ್ದೆ. ಅದು ಬೈದದ್ದಕ್ಕಿಂತ ಹೆಚ್ಚಾತು."

ಮಳೆ ಬರುತ್ತಿತ್ತು. ಕೊಡೆ ಮರೆತು ಹೋದರು.

ಸಂಜೆ ೬.೪೦

ಅತ್ತೆಯ ಬಿ.ಪಿ. ನೋಡಿಲ್ಲ. ಮೂರು ಕಪ್ಪು ಚಹಾಕ್ಕೆ ನೀರಿಟ್ಟೆ. ಇಳಿಸಿದೆ. ಮತ್ತೆ ಇಟ್ಟೆ. ಹಫೀಜ ಭಾಯ್ ಮನೆ ನಾಲ್ಕು ಹೆಜ್ಜೆ, ಒಂದು ಗಂಟೆ ಆಯಿತು. ಅವರು ಬಾಗಿಲು ತೆಗೆಯದಿದ್ದರೆ? ತೆಗೆದು ಮಾತೇ ಆಡದಿದ್ದರೆ?

ಬೆಲ್ ಆಯಿತು.

ಒಂದು ಸಲ. ಇವರೊಬ್ಬರೇ ಬಂದಿದ್ದಾರೆ. ಬಾಗಿಲು ತೆಗೆಯಬೇಕು. ಏನೆಂದು ಕೇಳಲಿ... ಮತ್ತೆ ಬೆಲ್—