ಗದ್ದದ ಗೀರು

ಗದಗ
ಫೆಬ್ರವರಿ ೩೦, ೨೧೮೬

ಶಾಲ್ಮಲಿ ಅಜ್ಜಿಗೆ,

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರನ್ನು ರಿಪೇರಿ ಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮೆಯಿರಲಿ. ನೀವು ನನಗಿಂತ ಆರು ತಲೆಮಾರು ಹಿರಿಯರು, ಆದರೆ ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಕಾಗದವನ್ನು ಓದುವ ಹೊತ್ತಿಗೆ ನಿಮಗೆ ಬರೀ ಇಪ್ಪತ್ತಾರು. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡಾವು. ನಾನು ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವಳು (ಹೌದು, ಅವು ಇನ್ನೂ ಇವೆ!), ಮೇಲಾಗಿ ಮದುವೆಯಾಗಿ ಎಪ್ಪತ್ತೇ ದಿನ. ಮನಸ್ಸೇ ಒಂದು ಕಡೆ ನಿಲ್ಲದಿರುವಾಗ ವಾಕ್ಯ ಎಲ್ಲಿ ನಿಂತೀತು?

ನಿಮ್ಮ ಒಂದು ನೋಟ್‌ಬುಕ್ ನಮ್ಮಲ್ಲಿ ಉಳಿದಿದೆ. ನೀವು ಸಂಜ್ಞೆ ಭಾಷೆಯ ಕ್ಲಾಸಿಗೆ ಸೇರಿ ಮೂರು ದಿನ ಹೋದಿರಿ. ಮೂರನೆಯ ಪುಟದ ಕೊನೆಗೆ "ನಾಳೆ: ಹೆಸರುಗಳು" ಎಂದು ಬರೆದಿದ್ದೀರಿ. ಮುಂದೆಲ್ಲ ಖಾಲಿ. ಆ ಖಾಲಿ ಪುಟ ನೋಡಿಯೇ ನಿಮಗೆ ಬರೆಯುವ ಧೈರ್ಯ ಬಂತು, ಏಕೆಂದರೆ ನಾನು ತಪ್ಪಿದ್ದೂ ಅಲ್ಲೇ.

ನನ್ನ ಗಂಡ ಸುಧನ್ವ. ಅವನ ಬಗ್ಗೆ ಶುರು ಮಾಡಿದರೆ ಕಾಗದ ಸಾಲದು, ಬಿಡಿ! ಅವನ ತಾಯಿ ಹುಟ್ಟು ಕಿವುಡರು. ಅವರಿಂದಲೇ ನಾನು ಅಂತರರಾಷ್ಟ್ರೀಯ ಸಂಜ್ಞೆ ಕಲಿತೆ. ದೇಶದೇಶಗಳ ಕಿವುಡರು ಒಂದೆಡೆ ಸೇರಿದಾಗ ಆಡುವ ಕೈಮಾತು ಅದು. ಉರು ಹೊಡೆದರೆ ಬರುವುದಿಲ್ಲ. ಎದುರಿನವರ ಕಣ್ಣು ನೋಡಬೇಕು. ಒಂದು ಚಿತ್ರ ತಲುಪದಿದ್ದರೆ ಇನ್ನೊಂದು ಬಿಡಿಸಬೇಕು. ನಾನೋ ಪರೀಕ್ಷೆಗೆ ಕೂತವಳಂತೆ ಒಂದೇ ಸಮನೆ ಕೈ ಬೀಸುತ್ತಿದ್ದೆ. "ನೊಣಾ ಹೊಡ್ಯಾಕತ್ತಿ ಏನವ್ವಾ? ಮಾರಿ ಎಲ್ಲಿ ಬಿಟ್ಟು ಬಂದಿ?" ಎಂದು, ಮುಖದಲ್ಲಿ ಭಾವವೇ ಇಲ್ಲದ ನನ್ನನ್ನು ಅತ್ತೆಯ ಕೈ ಗದರುತ್ತಿತ್ತು. ಅವರ ಕೈಮಾತು ನನಗೆ ಗದಗಿನ ಕನ್ನಡವಾಗಿಯೇ ಕಾಣುತ್ತದೆ, ಹಾಗೆಯೇ ಬರೆಯುತ್ತೇನೆ.

ಕಿವುಡರಲ್ಲಿ ಪ್ರತಿಯೊಬ್ಬರಿಗೂ ಒಂದು ಕೈಹೆಸರು ಇರುತ್ತದೆ. ಅದನ್ನು ನಮಗೆ ನಾವೇ ಇಟ್ಟುಕೊಳ್ಳುವಂತಿಲ್ಲ; ಅವರು ನಮ್ಮನ್ನು ನೋಡಿ, ಅಳೆದು, ಒಂದು ದಿನ ಕೊಡುತ್ತಾರೆ. ಕಂಡದ್ದನ್ನು ಕಂಡ ಹಾಗೆ ಹೇಳುವ ಹೆಸರುಗಳು. ಸುಧನ್ವನದು "ತುಂಬಿದ ಬಾಯಿ". ಅತ್ತೆ ಚಿಕ್ಕವರಿದ್ದಾಗ ಹೊಸ್ತಿಲ ಮೇಲೆ ಬಿದ್ದು ತುಟಿಯಿಂದ ಗದ್ದದವರೆಗೆ ಸೀಳಿತ್ತು. ತೋರುಬೆರಳನ್ನು ಕೊಕ್ಕೆ ಮಾಡಿ ತುಟಿಯಿಂದ ಗದ್ದಕ್ಕೆ ಎಳೆದರೆ, ಅದು ಅತ್ತೆ. ಅದನ್ನು ಮಾಡಲು ನನಗೆ ಕೈಯೇ ಬರುತ್ತಿರಲಿಲ್ಲ. ಹಿರಿಯರ ಗಾಯವನ್ನು ಎತ್ತಿ ಆಡುವುದೇ? ನನಗಂತೂ ಚಿಟ್ಟೆಯೋ ನಕ್ಷತ್ರವೋ ಹೆಸರಾಗಿ ಬರಲೆಂದು ಕಾಯುತ್ತಿದ್ದೆ.

ಹೋದ ವಾರ ಇಲ್ಲಿ ಜಗತ್ತಿನ ಕಿವುಡರ ಮೇಳ ನಡೆಯಿತು. ಕಪ್ಪತಗುಡ್ಡದ ಗಾಳಿ ಹಿಡಿದು ಗಾಳಿಹಡಗುಗಳು ಇಳಿದವು. ಹನ್ನೆರಡು ಸಾವಿರ ಜನ! ಕಿವಿಗೆ ಬೀಳುತ್ತಿದ್ದದ್ದು ಗಟ್ಟಿ ನಗು, ನೆಲಕ್ಕೆ ಕಾಲು ತಟ್ಟಿ ಕರೆಯುವ ಸದ್ದು, ರೊಟ್ಟಿ ಬಡಿಯುವ ಸದ್ದು. ಬಾಗಿಲಲ್ಲಿ ಹುಡುಕುಗನ್ನಡಿ. ಬಂದವರ ಕೈಹೆಸರನ್ನು ಅದಕ್ಕೆ ತೋರಿಸಿಡುತ್ತೇವೆ. ಹುಡುಕುವವರು ಅದೇ ಹೆಸರು ಮಾಡಿದರೆ, ಆ ಮನುಷ್ಯ ಇರುವಲ್ಲಿಗೆ ಬೆಳಕು ದಾರಿ ತೋರಿಸುತ್ತದೆ. ಊರು, ವಿಳಾಸ ಕೇಳುವುದಿಲ್ಲ. ನಿಮ್ಮ ಶತಮಾನದಲ್ಲಿ ಮುಖಗಳನ್ನೇ ಕದಿಯುತ್ತಿದ್ದರಂತೆ. ಅದಕ್ಕೇ ಈಗ ಮೇಳ ಮುಗಿದ ಸಂಜೆ ಕನ್ನಡಿ ಎಲ್ಲವನ್ನೂ ಅಳಿಸಿಬಿಡಬೇಕೆಂಬ ಕಾನೂನು ಇದೆ.

ಕನ್ನಡಿಯ ಕೆಲಸ ನನಗೆ, ರೊಟ್ಟಿಯ ಕೆಲಸ ಅತ್ತೆಗೆ. "ನನ್ನ ಹೆಸರು ನೀನ ತೋರಸು. ಉಬ್ಬುಗೆನ್ನಿ ಬಂದ್ರ ಹುಡುಕತಾಳ" ಎಂದು ಹಿಟ್ಟಿನ ಕೈಯಲ್ಲೇ ಹೇಳಿದರು. ಉಬ್ಬುಗೆನ್ನೆ ಉರುಗ್ವೆಯ ಹೆಂಗಸು. ಐವತ್ತೊಂದು ವರ್ಷಗಳ ಹಿಂದೆ ನೈರೋಬಿಯ ಮೇಳದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಅತ್ತೆಗೆ ಅಂತರರಾಷ್ಟ್ರೀಯ ಸಂಜ್ಞೆ ಕಲಿಸಿದವಳು ಅವಳೇ. ಕಾಗದದ ಮೇಲಿನ ಹೆಸರು ಅವಳದು ಇವರಿಗೆ ಗೊತ್ತಿಲ್ಲ, ಇವರದು ಅವಳಿಗೆ ಗೊತ್ತಿಲ್ಲ.

ನಾನು ಕನ್ನಡಿಯ ಮುಂದೆ ನಿಂತೆ. ಜಗತ್ತೆಲ್ಲ ನೋಡುವ ಕಡೆ ಗಾಯವನ್ನು ತೋರಿಸುವುದೇ ಎನಿಸಿತು. ಮುಡಿಗೆ ಹೂ ಸಿಗಿಸುವ ಸಂಜ್ಞೆ ಮಾಡಿ, ಅದನ್ನೇ ಅತ್ತೆಯ ಹೆಸರಾಗಿ ಇಟ್ಟೆ. ಎಷ್ಟು ಚೆಂದ ಕಂಡಿತೆಂದರೆ, ಅತ್ತೆಗೆ ಒಳ್ಳೆಯ ಸರ್ಪ್ರೈಸ್ ಎಂದು ಖುಷಿಪಟ್ಟೆ. ಉಬ್ಬುಗೆನ್ನೆಯನ್ನೂ ಹುಡುಕಿದೆ, ಅಂದು ಬಂದಿರಲಿಲ್ಲ. ಮರುದಿನ ಮತ್ತೆ ನೋಡಬೇಕಿತ್ತು. ನೋಡಲಿಲ್ಲ. ಸುಧನ್ವನನ್ನು ಎಳೆದುಕೊಂಡು ಮೇಳ ಸುತ್ತುತ್ತ, ಕಂಡಕಂಡವರಿಗೆಲ್ಲ "ನನ್ನ ಗಂಡ, ನನ್ನ ಗಂಡ" ಎಂದು ತೋರಿಸುತ್ತಿದ್ದೆ.

ಕೊನೆಯ ಸಂಜೆ, ಅಳಿಸಿಕೊಳ್ಳುವ ಮುನ್ನ, ಕನ್ನಡಿ ಸಿಗದೆ ಹೋದ ಹೆಸರುಗಳನ್ನು ಒಮ್ಮೆ ತೋರಿಸಿತು. ಒಬ್ಬ ಮುದುಕಿ. ಎರಡೂ ಕೆನ್ನೆ ಉಬ್ಬಿಸಿ ತಾನು ಯಾರೆಂದು ಹೇಳಿದಳು. ಆಮೇಲೆ ಕೊಕ್ಕೆ ಬೆರಳು, ತುಟಿಯಿಂದ ಗದ್ದಕ್ಕೆ. ಕಾದಳು. ಮತ್ತೆ ಮಾಡಿದಳು, ಈ ಸಲ ನಿಧಾನವಾಗಿ, ತನ್ನ ಕೈಯೇ ಸರಿಯಿಲ್ಲವೇನೋ ಎಂಬಂತೆ. ಎರಡು ದಿನಗಳಲ್ಲಿ ಹನ್ನೊಂದು ಸಲ. ಅಷ್ಟೂ ಹೊತ್ತು ಅತ್ತೆ ನೂರು ಹೆಜ್ಜೆ ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದರು. ಅವಳ ದೇಶದ ಕಡೆ ಹೋಗುವ ಗಾಳಿಹಡಗು ಬೆಳಿಗ್ಗೆಯೇ ಹೊರಟಾಗಿತ್ತು. ನಾನು ನೋಡುತ್ತಿದ್ದಂತೆ ಕನ್ನಡಿ ಬೆಳ್ಳಗಾಯಿತು.

ಎರಡು ದಿನ ಬಚ್ಚಿಟ್ಟೆ. ಮೂರನೆಯ ದಿನ ಊಟಕ್ಕೆ ಕೂತಾಗ ಅತ್ತೆ, "ಉಬ್ಬುಗೆನ್ನಿ ಬರಲಿಲ್ಲ. ಸತ್ತಿರಬೇಕು" ಎಂದು, ಸತ್ತವರ ಪಾಲೆಂದು ತಟ್ಟೆಯಿಂದ ಒಂದು ತುತ್ತು ತೆಗೆದು ಪಕ್ಕಕ್ಕಿಟ್ಟರು. ಇನ್ನು ತಡೆಯಲಾಗಲಿಲ್ಲ. ಹೇಳಬೇಕಾದರೆ ಅವರ ಹೆಸರು ಮಾಡಲೇಬೇಕಿತ್ತು. ಮೊದಲ ಸಲ ನನ್ನ ತುಟಿಯಿಂದ ಗದ್ದಕ್ಕೆ ಬೆರಳೆಳೆದೆ. ನಾನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ನೋಡಿದ ಅತ್ತೆ, ಆಮೇಲೆ ಕಣ್ಣು ಮುಚ್ಚಿಕೊಂಡರು. ಅವರು ಕಣ್ಣು ಮುಚ್ಚಿದರೆ ಬಾಗಿಲು ಹಾಕಿಕೊಂಡ ಹಾಗೆ. ಎಷ್ಟು ಕೈಮುಗಿದರೂ ಒಳಗೆ ತಲುಪುವುದಿಲ್ಲ.

ಎರಡು ದಿನ ನನ್ನ ಕಡೆ ನೋಡಲಿಲ್ಲ. ಇಂದು ಬೆಳಿಗ್ಗೆ ಹೆಗಲು ತಟ್ಟಿದರು.

"ಬದುಕಿದಾಕಿಗೆ ತುತ್ತು ತಗದಿಡಿಸಿದಿ. ಗಾಯಾ ನಂದು, ನಾಚಿಕಿ ನಿಂದು. ತಗೋ, ನಿನಗೊಂದು ಹೆಸರು."

ಮುಡಿಯಿಂದ ಹೂ ತೆಗೆಯುವಂತೆ ಬೆರಳುಗಳನ್ನು ಕೂಡಿಸಿ, ಕೆಳಗೆ ತಂದು, ಗದ್ದದ ಗೀರಿನ ಮೇಲೆ ಒತ್ತಿದರು.

"ನೋಡಿದವರು ಯಾಕ ಅಂತ ಕೇಳತಾರ. ಪ್ರತಿ ಸಲ ಪೂರಾ ಹೇಳು, ಉಬ್ಬುಗೆನ್ನಿ ಹೆಸರೂ ಹಚ್ಚಿ ಹೇಳು. ಕೈಯಿಂದ ಕೈಗೆ ಹೋಗಿ ಒಂದಿನ ಅಕಿಗೆ ಮುಟ್ಟಲಿ, ನಾ ಇದ್ದೀನಿ ಅಂತ."

"ನನ್ನ ಹೆಸರಿಗಿಂತ ಉದ್ದ ಆತಲ್ಲ" ಎಂದು ಸುಧನ್ವ ನಗಿಸಲು ನೋಡಿದ. ಅತ್ತೆ ನಗಲಿಲ್ಲ.

ಇಂದು ಮೂವರಿಗೆ ಹೇಳಿದೆ. ಮೂರು ಸಲವೂ ಮೊದಲ ಸಲದಷ್ಟೇ ನಾಚಿಕೆಯಾಯಿತು. ಶಾಲ್ಮಲಿ ಅಜ್ಜಿ, ನಾಲ್ಕನೆಯ ಕ್ಲಾಸಿಗೆ ಹೋಗಿ. ಅಲ್ಲಿ ಯಾರಾದರೂ ತಮ್ಮ ಹೆಸರು ತೋರಿಸಿದರೆ, ತೋರಿಸಿದ ಹಾಗೆಯೇ ನಿಮ್ಮ ಕೈಗೆ ತೆಗೆದುಕೊಳ್ಳಿ, ಚೆಂದ ಮಾಡಬೇಡಿ. ಮನೆಗೆ ಬಂದು ಆ ಖಾಲಿ ಪುಟದಲ್ಲಿ ಅಷ್ಟನ್ನು ಬರೆದಿಡಿ. ನಿಮ್ಮ ನೋಟ್‌ಬುಕ್ ನನ್ನವರೆಗೂ ಬರುತ್ತದೆ. ಅದು ನನಗೆ ಗೊತ್ತು.

ನಿಮ್ಮ ವಂಶದ ಹುಡುಗಿ,
ಕಾಗದದ ಮೇಲೆ ಮೇದಿನಿ,
ಕೈಯಲ್ಲಿ, ಗೀರಿನ ಮೇಲೆ ಹೂವಿಟ್ಟವಳು